ಸಂಗೀತ ಸಂಶೋಧನೆಗೆ ಅರ್ಹರು ಯಾರು?

ಧಾರವಾಡದಲ್ಲಿ ಸಂಗೀತವು ವಿಶ್ವವಿದ್ಯಾಲಯಕ್ಕಿಂತ ಹಳೆಯದು. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಇಲ್ಲಿಯ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿಯಲ್ಲಿ. ಅದಕ್ಕೂ ಬಹಳ ಮುಂಚೆ ಭಾಸ್ಕರಬುವಾ ಬಖಲೆಯವರು ಈ ಊರಿನ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದ್ದರು. ಮೈಸೂರಿನ ಆಸ್ಥಾನಕ್ಕೆ ಹೋಗಿಬರುವ ದಾರಿಯಲ್ಲಿ ಅಬ್ದುಲ್ ಕರೀಂ ಖಾನರು ಇಲ್ಲಿ ತಂಗುತ್ತಿದ್ದರು. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್ಲರನ್ನೂ ಭೀಮಸೇನ ಜೋಶಿಯವರನ್ನೂ ತಯಾರು ಮಾಡಿದರು. ವಿದ್ಯೆ ಮೊದಲು ಬಂದಿತು. ವಿದ್ಯಾಲಯ ಆಮೇಲೆ ಬಂದಿತು.

ವಿದ್ಯಾಲಯವು ಈ ಹಿರಿತನವನ್ನು ಮನ್ನಿಸಿತೆಂಬುದು ಅದರ ದೊಡ್ಡಸ್ತಿಕೆ. ಬಾಲ್ಯದಲ್ಲಿಯೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ ಮಲ್ಲಿಕಾರ್ಜುನ ಮನಸೂರರು ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಗೌರವ ನಿರ್ದೇಶಕರಾದರು. ಐದನೆಯ ಇಯತ್ತೆಗೆ ಓದು ನಿಲ್ಲಿಸಿದ ಗಂಗೂಬಾಯಿಯವರು ಗೌರವ ಪ್ರಾಧ್ಯಾಪಕರಾದರು. ಅವರಿಂದ ಯಾರೂ ಪ್ರಮಾಣಪತ್ರ ಕೇಳಲಿಲ್ಲ. ಕೇಳಿದ್ದರೆ ನಷ್ಟ ಯಾರಿಗಾಗುತ್ತಿತ್ತೆಂಬುದನ್ನು ಹೇಳಬೇಕಾದುದಿಲ್ಲ.

ಕಲಿಸುವುದಕ್ಕೆ ತೆರೆದ ಈ ಬಾಗಿಲು ಇಂದಿಗೂ ಪೂರ್ತಿ ಮುಚ್ಚಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು, ಹೆಸರಾಂತ ಗುರುಗಳಲ್ಲಿ ಕಲಿತು ಆಕಾಶವಾಣಿಯ 'ಎ' ಶ್ರೇಣಿ ಪಡೆದ ಕಲಾವಿದರನ್ನು, ನೆಟ್ ಪರೀಕ್ಷೆ ಮತ್ತು ಡಾಕ್ಟರೇಟುಗಳಿಗೆ ಪರ್ಯಾಯವಾಗಿ, ಅಧ್ಯಾಪಕ ಹುದ್ದೆಗೆ ಪರಿಗಣಿಸಲು ಎಡೆಗೊಟ್ಟವು. ಆದರೆ ಡಾಕ್ಟರೇಟ್ ನಂತರದ ಸಂಶೋಧನಾ ಫೆಲೋಶಿಪ್ಪಿನ ಮಾತು ಬೇರೆ. ಅದರ ಹೆಸರೇ ಹೇಳುವಂತೆ ಡಾಕ್ಟರೇಟ್ ಅಲ್ಲಿ ಹೊಸ್ತಿಲು. ಪ್ರಕಟಿತ ಲೇಖನಗಳು, ಸಂಶೋಧನೆಯ ರೂಪರೇಖೆ, ಮಾರ್ಗದರ್ಶಕರ ಒಪ್ಪಿಗೆ ಇವೆಲ್ಲ ಒಳಮನೆಯ ಮಾತು.

ಒಂದು ಸಂಸ್ಥೆಯ ಆಯ್ಕೆ ಸಮಿತಿಯಲ್ಲಿ ಇಂಥ ಅರ್ಜಿಗಳನ್ನು ಓದುವ ಪ್ರಸಂಗ ನನಗೆ ಬಂದಿತ್ತು. ಹದಿನೆಂಟು ವರ್ಷ ಗುರುವಿನ ಮನೆಯಲ್ಲಿ ಕಲಿತ ಗಾಯಕರೊಬ್ಬರು ಜಯಪುರ-ಅತ್ರೌಲಿ ಪರಂಪರೆಯ ಅಪ್ರಚಲಿತ ರಾಗಗಳನ್ನು ಕುರಿತು ಒಂದೂವರೆ ಪುಟ ಬರೆದಿದ್ದರು. ಒಂದೇ ರಾಗವನ್ನು ಒಬ್ಬ ಗಾಯಕರು ನಡುವಯಸ್ಸಿನಲ್ಲಿಯೂ ವೃದ್ಧಾಪ್ಯದಲ್ಲಿಯೂ ಹಾಡಿದಾಗ ಉಸಿರು ಎಲ್ಲಿ ಮುರಿಯಿತು, ಆ ಮುರಿವಿನಿಂದ ರಾಗದ ನಡೆ ಹೇಗೆ ತಿರುಗಿತು ಎಂಬುದು ಅವರ ಪ್ರಶ್ನೆ. ಹಾಡಿ ಬಲ್ಲವರಿಗಷ್ಟೇ ಹೊಳೆಯುವ ಪ್ರಶ್ನೆಯದು. ಡಾಕ್ಟರೇಟ್ ಇಲ್ಲವೆಂದು ಅರ್ಜಿ ಮೊದಲನೆಯ ಜರಡಿಯಲ್ಲಿಯೇ ಕೆಳಗುಳಿಯಿತು. ನಿಯಮದ ಮುಂದೆ ನನ್ನ ವಾದ ನಡೆಯಲಿಲ್ಲ.

ಪದವಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವಿಷ್ಣು ನಾರಾಯಣ ಭಾತಖಂಡೆಯವರು ಕಾಯದೆ ಕಲಿತ ವಕೀಲರು. ಉಸ್ತಾದರ ಕಂಠದಲ್ಲಿ ಅಡಗಿದ್ದ ಚೀಜುಗಳನ್ನು ಅವರು ಸಂಗ್ರಹಿಸಿ, ಸ್ವರಲಿಪಿಯಲ್ಲಿ ಬರೆದು, 'ಕ್ರಮಿಕ ಪುಸ್ತಕ ಮಾಲಿಕಾ'ದಲ್ಲಿ ಪ್ರಕಟಿಸದಿದ್ದರೆ ಎಷ್ಟೋ ಸಂಪತ್ತು ನಷ್ಟವಾಗುತ್ತಿತ್ತು. ಕ್ರಮಬದ್ಧ ಪರಿಶೀಲನೆ, ತುಲನೆ, ಆಧಾರಗಳ ಶೋಧ ಇವು ಕಛೇರಿಯ ವೇದಿಕೆಯಲ್ಲಿ ತಾನಾಗಿ ಬರುವ ಗುಣಗಳಲ್ಲ. ಆದರೆ ಸ್ವರಲಿಪಿ ಸ್ವರವನ್ನು ಹಿಡಿದೀತು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಪೂರ್ತಿಯಾಗಿ ಹಿಡಿಯಲಾರದು. ಆ ದಾರಿ ಬಲ್ಲವರು ಹಾಡುವವರೇ. ಭಾತಖಂಡೆಯವರೂ ಉಸ್ತಾದರಿಲ್ಲದೆ ಒಂದು ಪುಟವನ್ನೂ ತುಂಬಲಾರದವರಾಗಿದ್ದರು.

ಆದ್ದರಿಂದ ನನ್ನ ಸೂಚನೆ ಸರಳವಾದುದು. ಸಂಗೀತದ ಸಂಶೋಧನಾ ಫೆಲೋಶಿಪ್ಪಿಗೆ ಇಬ್ಬರು ಕೂಡಿ ಅರ್ಜಿ ಹಾಕಲು ಅವಕಾಶವಿರಲಿ: ಒಬ್ಬರು ವಿದ್ವಾಂಸರು, ಒಬ್ಬರು ಗಾಯಕರು ಅಥವಾ ವಾದಕರು. ವೇತನವೂ ಇಬ್ಬರಿಗೆ ಸಲ್ಲಲಿ, ಗ್ರಂಥದ ಮೇಲೆ ಹೆಸರೂ ಇಬ್ಬರದಿರಲಿ. ಗಾಯಕರು 'ಮಾಹಿತಿ ನೀಡಿದವರು' ಎಂದು ಕೃತಜ್ಞತೆಯ ಪುಟದಲ್ಲಿ ಒಂದು ಸಾಲಾಗಿ ಉಳಿಯುವುದು ತಪ್ಪಲಿ. ಯುವಕ ಯುವತಿಯರೂ ವಿಶಾಲ ವಿಷಯಗಳ ಮೋಹ ಬಿಟ್ಟು, ಒಂದು ರಾಗ, ಒಬ್ಬ ಗುರು, ಒಂದು ಊರು ಎಂದು ಚಿಕ್ಕದನ್ನು ಆರಿಸಿಕೊಂಡರೆ ಅರ್ಜಿಗೂ ಬಲ, ಕೆಲಸಕ್ಕೂ ಬಲ.

ಅವಸರಕ್ಕೆ ಕಾರಣವುಂಟು. ಬಸವರಾಜ ರಾಜಗುರುಗಳು 1991ರಲ್ಲಿ, ಮನಸೂರರು 1992ರಲ್ಲಿ, ಗಂಗೂಬಾಯಿಯವರು 2009ರಲ್ಲಿ ನಮ್ಮನ್ನಗಲಿದರು. ಅವರೆದುರು ಕುಳಿತು ತಂಬೂರಿ ಮೀಟಿದ ಶಿಷ್ಯರಿಗೂ ಈಗ ವಯಸ್ಸಾಗಿದೆ. ಧ್ವನಿಮುದ್ರಿಕೆಗಳು ಉಳಿದಿವೆ, ಅವುಗಳನ್ನು ಕೇಳಿ 'ಇಲ್ಲಿ ಗುರುಗಳು ಹೀಗೇಕೆ ಮಾಡಿದರು' ಎಂದು ಹೇಳಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅಂಥವರು ಅರ್ಜಿ ಹಿಡಿದು ಬಂದಾಗ, ಇವರು ಏನು ಓದಿದ್ದಾರೆಂದು ಕೇಳುವುದರ ಜೊತೆಗೆ ಏನು ಬಲ್ಲರೆಂದೂ ಕೇಳುವಷ್ಟು ವ್ಯವಧಾನ ನಮ್ಮ ವಿದ್ಯಾಪೀಠಗಳಿಗಿರಲಿ. ಧಾರವಾಡವು ಹಿಂದೆ ಹಾಗೆ ಕೇಳಿತ್ತು.

(ಬಾನುಲಿ ಭಾಷಣ)