ತಲೆಕೆಳಗಾಗುವ ಮುನ್ನ

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಬೆಟ್ಟದ ತುದಿಯಲ್ಲಿ ಯೋಗನರಸಿಂಹನ ದೇಗುಲವಿದೆ. ನಾಗಮಂಗಲದಲ್ಲೂ ಅವನಿಗೊಂದು ಗುಡಿಯುಂಟು. ಯೋಗನರಸಿಂಹನ ಶಿಲ್ಪಗಳಲ್ಲಿ ಮಡಿಚಿದ ಮೊಣಕಾಲುಗಳನ್ನು ಬಳಸಿ ಒಂದು ಪಟ್ಟಿ ಬಿಗಿದಿರುತ್ತದೆ. ಅದೇ ಯೋಗಪಟ್ಟ, ಬಹುಹೊತ್ತು ಅಲುಗದೆ ಕೂರಬೇಕಾದ ದೇಹಕ್ಕೆ ಆಸರೆ. ದೇವರಿಗೇ ಆಸರೆ ಕೊಟ್ಟ ನಾಡಿನಲ್ಲಿ, ಯಾವ ಆಸರೆಯೂ ಇಲ್ಲದೆ ಚಿತ್ರ ನೋಡಿ ತಲೆಯ ಮೇಲೆ ನಿಲ್ಲಲು ಹೊರಟು ಕುತ್ತಿಗೆ ಉಳುಕಿಸಿಕೊಳ್ಳುವವರು ಇದ್ದಾರೆ.

ತಲೆಕೆಳಗಾಗುವ ಹಾಗೂ ಕೈಗಳ ಮೇಲೆ ದೇಹವನ್ನೆತ್ತುವ ಅಭ್ಯಾಸಗಳು ಹೊಸವಲ್ಲ. ಸುಮಾರು 15ನೇ ಶತಮಾನದ 'ಹಠಪ್ರದೀಪಿಕೆ'ಯಲ್ಲಿ ಮಯೂರಾಸನ, ಕುಕ್ಕುಟಾಸನಗಳ ವಿವರವಿದೆ. ತಲೆ ಕೆಳಗೆ, ಕಾಲು ಮೇಲೆ ಮಾಡುವ ವಿಪರೀತಕರಣಿಯನ್ನು ಮೊದಲ ದಿನ ಕ್ಷಣಮಾತ್ರ ಮಾಡಿ, ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕೆಂಬ ಎಚ್ಚರಿಕೆಯೂ ಅಲ್ಲೇ ಇದೆ.

ಮೈಸೂರು ಸೀಮೆಯಲ್ಲಿ ಈ ವಿದ್ಯೆಗೆ ಚಿತ್ರರೂಪ ಕೊಡಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಶ್ರೀರಂಗಪಟ್ಟಣದಲ್ಲಿ ಜನಿಸಿದ ಈ ದೊರೆಯ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರಗಳಿವೆ. ತಲೆಕೆಳಗಾದ ಭಂಗಿಗಳೂ ಹಗ್ಗ ಹಿಡಿದು ಮಾಡುವ ಆಸನಗಳೂ ಅದರಲ್ಲುಂಟು. ಇವುಗಳಲ್ಲಿ ಕೆಲವಕ್ಕೆ ಗರಡಿಯ ಸಾಧನೆಯೊಂದಿಗೆ ನಂಟಿದೆಯೆಂದು ವಿದ್ವಾಂಸ ನಾರ್ಮನ್ ಶೋಮನ್ 1996ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಆದರೆ ಚಿತ್ರ ತೋರಿಸುವುದು ಕೊನೆಯ ನಿಲುವನ್ನು ಮಾತ್ರ. ಅಲ್ಲಿಗೆ ತಲುಪುವ ದಾರಿಯನ್ನಲ್ಲ.

ಆ ದಾರಿಗೆ ಮೆಟ್ಟಿಲು ಕಟ್ಟಿದವರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಪ್ರಮುಖರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅವರು 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1941ರ ಅವರ ಕನ್ನಡ ಪುಸ್ತಕ 'ಯೋಗಾಸನಗಳು' ಆಸನಗಳನ್ನು ಮೂರು ಹಂತಗಳಾಗಿ ವಿಂಗಡಿಸುತ್ತದೆ. ಮೊದಲ ಹಂತ ಪಳಗಿದ ಮೇಲೆಯೇ ಮುಂದಿನದು.

ಅವರ ಶಿಷ್ಯರೂ ಭಾವಮೈದುನರೂ ಆದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ರೋಗಿಷ್ಠರಾಗಿದ್ದವರು. ಅವರ ಹೆಸರಿನಲ್ಲಿರುವ ಬೆಳ್ಳೂರು ನಾಗಮಂಗಲ ತಾಲ್ಲೂಕಿನದಲ್ಲ, ಕೋಲಾರ ಜಿಲ್ಲೆಯದು. ಮುಂದೆ ಪುಣೆಯಲ್ಲಿ ನೆಲೆಸಿದ ಅವರು ಗೋಡೆ, ಹಗ್ಗ, ಕುರ್ಚಿ, ಕಂಬಳಿ, ಪಟ್ಟಿಗಳನ್ನು ಕಲಿಕೆಯ ಸಾಧನಗಳನ್ನಾಗಿಸಿದರು. ಯೋಗಪಟ್ಟ ಹೊಸ ರೂಪದಲ್ಲಿ ಮರಳಿತೆನ್ನಬಹುದು. 80 ದಾಟಿದ ಬೆಲ್ಜಿಯಂನ ರಾಣಿ ಎಲಿಜಬೆತ್ 1958ರಲ್ಲಿ ಅವರಿಂದ ಶೀರ್ಷಾಸನ ಕಲಿತರು.

ಶೀರ್ಷಾಸನದಲ್ಲಿ ಮುಂಗೈಗಳು ನೆಲವನ್ನು ಒತ್ತಿ, ಭುಜಗಳು ಮೇಲೆದ್ದಿರಬೇಕು. ಇಡೀ ಭಾರ ಕುತ್ತಿಗೆಗೆ ಬೀಳಬಾರದು. ಸರ್ವಾಂಗಾಸನದಲ್ಲಿ ಭುಜಗಳ ಕೆಳಗೆ ಮಡಿಚಿದ ಕಂಬಳಿಯಿದ್ದರೆ ಕುತ್ತಿಗೆಯ ಮೇಲಿನ ಒತ್ತಡ ತಗ್ಗುತ್ತದೆ. ಬಕಾಸನಕ್ಕೆ ಮೊದಲು ಮಣಿಕಟ್ಟು, ತೋಳು ಬಲಗೊಳ್ಳಬೇಕು. ಮುಗ್ಗರಿಸಿದರೆ ಮುಖಕ್ಕೆ ಪೆಟ್ಟಾಗದಂತೆ ಮುಂದೊಂದು ದಿಂಬಿರಬೇಕು. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ಗ್ಲಾಕೋಮಾ ಇರುವವರು ಅದನ್ನು ಮಾಡಬಾರದು. ರಕ್ತದೊತ್ತಡ, ಕುತ್ತಿಗೆಯ ತೊಂದರೆ ಇರುವವರು ವೈದ್ಯರನ್ನು ಕೇಳದೆ ತಲೆಕೆಳಗಾಗಬಾರದು. ಇಳಿದ ಕೂಡಲೇ ಎದ್ದು ನಿಲ್ಲದೆ, ಹಣೆಯನ್ನು ನೆಲಕ್ಕಿಟ್ಟು ತುಸು ವಿಶ್ರಮಿಸುವುದು ಒಳ್ಳೆಯದು.

ಹೊಸದಾಗಿ ಗರಡಿಗೆ ಬಂದ ಹುಡುಗನನ್ನು ಉಸ್ತಾದ ಅಂದೇ ಕುಸ್ತಿಗೆ ಇಳಿಸುವುದಿಲ್ಲ. ದಂಡ, ಬಸ್ಕಿ ಹೊಡೆಸಿ ಮೈ ಹದಗೊಳಿಸಿದ ಮೇಲೆಯೇ ಮಟ್ಟಿಗೆ ಪ್ರವೇಶ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಜನರಿಗೆ ಈ ಶಿಸ್ತನ್ನು ಬಿಡಿಸಿ ಹೇಳಬೇಕಿಲ್ಲ. ತಲೆಕೆಳಗಾಗಿ ನಿಲ್ಲಲು ಬಯಸುವವರಿಗೂ ನಿಯಮ ಅದೇ: ಮೊದಲು ಹದ, ಆಮೇಲೆ ಆಟ.