ಬಡ್ಡಿ ಹಾಲಿ ಬಿಟ್ಟುಹೋದ ಪದಗಳು

ಬಡ್ಡಿ ಅಂದಕೂಡಲೆ ನಮ್ಮ ಆದೋನಿ ಸೀಮೆಯ ರೈತರಿಗೆ ಸಾಲದ ಬಡ್ಡಿಯೇ ನೆನಪಾಗುತ್ತದೆ. ಅಮೆರಿಕದವರಿಗೆ ಅದು ಗೆಳೆಯ ಅನ್ನುವ ಅರ್ಥದ ಮುದ್ದಿನ ಹೆಸರು. ಬಡ್ಡಿ ಹಾಲಿ ಅನ್ನುವ ಹಾಡುಗಾರನಿಗೆ ಮನೆಯವರು ಇಟ್ಟ ನಿಜವಾದ ಹೆಸರು ಚಾರ್ಲ್ಸ್ ಹಾರ್ಡಿನ್ ಹಾಲಿ. ಇಪ್ಪತ್ತೆರಡು ವರ್ಷಕ್ಕೆ ತೀರಿಕೊಂಡ ಹುಡುಗ ಅವನು, ನನ್ನ ಮೊಮ್ಮಗನ ಓರಗೆ. ಅದಕ್ಕೇ ಅವನು, ಇವನು ಎಂದೇ ಬರೆಯುತ್ತೇನೆ, ಓದುವವರು ಬೇಜಾರು ಮಾಡಿಕೊಳ್ಳಬಾರದು.

ಅವನ ಹಾಡು ನನಗೆ ಸಿಕ್ಕಿದ್ದು ಮೊಮ್ಮಗನ ಫೋನಿನಾಗ. ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಒಂದು ಅಕ್ಷರವನ್ನು ಹಿಡಿದು ನಡುವೆ ಮುರಿದು, ಬಿಕ್ಕಳಿಸಿದಂಗ ಮಾಡಿ ಮತ್ತೆ ಕೂಡಿಸುತ್ತಾನೆ. ನಮ್ಮ ಪದ ಹಾಡುವವರೂ ಅಕ್ಷರ ಎಳೀತಾರ, ಮುರೀತಾರ, ಆದರೆ ಇಷ್ಟು ಚುರುಕಾಗಿ ಯಾರೂ ಮುರಿದದ್ದು ನಾನು ಕೇಳಿಲ್ಲ. ಆಮೇಲೆ ಅವನ ಚರಿತ್ರೆಯನ್ನು ಓದಿಸಿ ಓದಿಸಿ ಕೇಳಿದೆ.

ಹುಟ್ಟಿದ್ದು 1936 ಸೆಪ್ಟೆಂಬರ್ 7, ಟೆಕ್ಸಾಸ್ ರಾಜ್ಯದ ಲಬ್ಬಕ್ ಊರಿನಲ್ಲಿ. ಅದು ಹತ್ತಿ ಬೆಳೆಯುವ ಬಯಲುಸೀಮೆ. ನಾಲ್ಕು ಮಕ್ಕಳಲ್ಲಿ ಇವನೇ ಕಡೆಯವನು. ಸಣ್ಣವನಿದ್ದಾಗ ಅಣ್ಣಂದಿರು ಇವನನ್ನು ಒಂದು ಹಾಡಿನ ಪಂದ್ಯಕ್ಕೆ ಕರೆದೊಯ್ದು ಕೈಗೆ ಪಿಟೀಲು ಕೊಟ್ಟರಂತೆ. ನುಡಿಸಾಕ ಬರೋದಿಲ್ಲ, ಅಪಸ್ವರ ಹೊರಡಬಾರದು ಅಂತ ಕಮಾನಿಗೆ ಜಿಡ್ಡು ಸವರಿದ್ದರು. ಬರೀ ಕೈ ಆಡಿಸಿದ, ಬಹುಮಾನ ಬಂತು! ದೊಡ್ಡವನಾದ ಮೇಲೆ ಅಣ್ಣನ ಜೊತೆ ನೆಲಕ್ಕೆ ಟೈಲ್ಸ್ ಕೂಡಿಸುವ ಕೆಲಸ ಮಾಡುತ್ತಾ ಗಿಟಾರ್ ಹಿಡಿದು ಹಾಡಿದ.

1956ರಲ್ಲಿ ಡೆಕ್ಕಾ ಎಂಬ ದೊಡ್ಡ ರೆಕಾರ್ಡ್ ಕಂಪನಿ ಇವನ ಜೊತೆ ಕರಾರು ಮಾಡಿಕೊಂಡಿತು. ಆ ಕಾಗದದಾಗ ಮನೆತನದ ಹೆಸರಿನ ಒಂದು ಇಂಗ್ಲಿಷ್ ಅಕ್ಷರ, 'ಇ', ಬಿಟ್ಟುಹೋಯಿತು. ಇವನು ತಿದ್ದಿಸಲಿಲ್ಲ, ಹಂಗೇ ಇಟ್ಟುಕೊಂಡ. ನ್ಯಾಶ್ವಿಲ್ ನಗರದ ಸ್ಟುಡಿಯೋದಲ್ಲಿ ಕೆಲವು ಹಾಡು ಹಾಡಿಸಿದರು, ಯಾವುದೂ ಏಳಲಿಲ್ಲ. 'ದಟ್ಲ್ ಬಿ ದ ಡೇ' ಅನ್ನುವುದು ಅವುಗಳಲ್ಲಿ ಒಂದು. ಕಂಪನಿ ಇವನನ್ನು ಬಿಟ್ಟಿತು. ಆದರೆ ಅಲ್ಲಿ ಹಾಡಿದ ಹಾಡುಗಳನ್ನು ಐದು ವರ್ಷ ಬೇರೆಲ್ಲೂ ರೆಕಾರ್ಡ್ ಮಾಡಬಾರದು ಅಂತ ಕರಾರಿನಾಗ ಬರೆದಿತ್ತು. ತಾವು ಮಾರಲಿಲ್ಲ, ಇವನಿಗೂ ಮಾರಾಕ ಬಿಡಲಿಲ್ಲ.

ಆಗ ಗೆಳೆಯರನ್ನು ಕಟ್ಟಿಕೊಂಡು ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯದ ಕ್ಲೋವಿಸ್ ಊರಿಗೆ ಹೋದ. ಅಲ್ಲಿ ನಾರ್ಮನ್ ಪೆಟ್ಟಿ ಎಂಬಾತನದು ಒಂದು ಸಣ್ಣ ಸ್ಟುಡಿಯೋ. ಬೇರೆ ಕಡೆ ತಾಸಿಗೆ ಇಷ್ಟು ಅಂತ ಬಾಡಿಗೆ, ಪೆಟ್ಟಿ ಮಾತ್ರ ಹಾಡಿಗೆ ಇಷ್ಟು ಅಂತ ತೊಗೊಳ್ಳುತ್ತಿದ್ದ. ಹಾಡುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಹಾಡುವವರಿಗೇ ಗೊತ್ತು. ಗಡಿಯಾರ ನೋಡುತ್ತಾ ಹಾಡಿದರೆ ಪದ ಕೂಡೋದಿಲ್ಲ. ಹಗಲು ರಸ್ತೆಯಲ್ಲಿ ಲಾರಿ ಸಪ್ಪಳ, ಅದಕ್ಕೆ ರಾತ್ರಿಯೆಲ್ಲಾ ಹಾಡುತ್ತಿದ್ದರು. ನಮ್ಮ ಭಜನೆಯೂ ಊರು ಮಲಗಿದ ಮೇಲೇ ಏರುತ್ತದೆ.

ಅಲ್ಲಿ ಅವರು ಮಾಡಿದ ಕೆಲಸಗಳನ್ನು ಕೇಳಿ ನನಗೆ ಬಹಳ ಖುಷಿಯಾಯಿತು. 'ಎವ್ರಿಡೇ' ಎಂಬ ಹಾಡಿಗೆ ಡ್ರಮ್ಮೇ ಇಲ್ಲ, ಡ್ರಮ್ಮಿನ ಹುಡುಗ ಜೆರ್ರಿ ಆಲಿಸನ್ ತನ್ನ ತೊಡೆ ಮೊಣಕಾಲು ತಟ್ಟಿ ತಾಳ ಹಾಕಿದ. ಪೆಟ್ಟಿಯ ಹೆಂಡತಿ ವೈ ಸಣ್ಣ ಗಂಟೆಯ ದನಿ ಬರುವ ಸೆಲೆಸ್ಟಾ ವಾದ್ಯ ನುಡಿಸಿದಳು. 'ನಾಟ್ ಫೇಡ್ ಅವೇ' ಹಾಡಿಗೆ ಬಡಿದದ್ದು ರಟ್ಟಿನ ಡಬ್ಬ. ಹೊಲದಾಗ ಕಳೆ ತೆಗೆಯುವಾಗ ನಾವು ಕೊಡ ಬಡಿದು ಹಾಡೋದಿಲ್ಲೇನು? ಹಾಗೇ ಇದೂ. ದೊಡ್ಡ ವಾದ್ಯ ತಂದಿದ್ದರೆ ಈ ಹಾಡುಗಳು ಇಷ್ಟು ದಿನ ಬಾಳುತ್ತಿರಲಿಲ್ಲ ಅಂತ ನನ್ನ ಲೆಕ್ಕ.

1957 ಫೆಬ್ರವರಿ 25ರಂದು, ಡೆಕ್ಕಾದವರು ಕೂಡದು ಅಂದಿದ್ದ ಆ 'ದಟ್ಲ್ ಬಿ ದ ಡೇ' ಹಾಡನ್ನೇ ಕ್ಲೋವಿಸ್‌ನಲ್ಲಿ ಮತ್ತೆ ಹಾಡಿದರು. ಕರಾರು ತಪ್ಪಿಸಿಕೊಳ್ಳಲು ಬಡ್ಡಿಯ ಹೆಸರು ಹಾಕದೆ ಮೇಳಕ್ಕೆ 'ಕ್ರಿಕೆಟ್ಸ್' ಅಂತ ಹೆಸರಿಟ್ಟರು. ಬ್ಯಾಟು ಬಾಲಿನ ಕ್ರಿಕೆಟ್ ಅಲ್ಲ ಮತ್ತೆ, ಮಳೆಗಾಲದ ರಾತ್ರಿ ಕಿರ್ರ್ ಅನ್ನುವ ಜೀರುಂಡೆ. ಒಮ್ಮೆ ಸ್ಟುಡಿಯೋದೊಳಗೆ ನಿಜವಾದ ಜೀರುಂಡೆ ಹೊಕ್ಕು ಒಂದು ಹಾಡಿನ ಕೊನೆಗೆ ಅದರ ದನಿಯೂ ಸೇರಿತು, ಇವರು ತೆಗೆಯದೆ ಬಿಟ್ಟರು. ಬ್ರನ್ಸ್‌ವಿಕ್ ಎಂಬ ಕಂಪನಿಯಿಂದ ರೆಕಾರ್ಡ್ ಹೊರಬಿದ್ದು, ಸೆಪ್ಟೆಂಬರಿಗೆ ಅಮೆರಿಕದಲ್ಲೇ ಒಂದನೇ ನಂಬರಿಗೆ ಏರಿತು. ತಮಾಷೆ ಅಂದ್ರ, ಆ ಬ್ರನ್ಸ್‌ವಿಕ್ ಡೆಕ್ಕಾದವರದೇ ಇನ್ನೊಂದು ಅಂಗಡಿ. ಒಂದು ಬಾಗಿಲಿನಿಂದ ನೂಕಿದ್ದರು, ಅದೇ ಮನೆಯ ಇನ್ನೊಂದು ಬಾಗಿಲಿನಿಂದ ಒಳಗೆ ಬಂದ.

ಇನ್ನು ಹಾಡು ಯಾರದು ಅನ್ನುವ ಮಾತು. 'ದಟ್ಲ್ ಬಿ ದ ಡೇ' ಕಟ್ಟಿದವರ ಹೆಸರಿನಾಗ ಬಡ್ಡಿ, ಆಲಿಸನ್ ಜೊತೆಗೆ ಪೆಟ್ಟಿಯ ಹೆಸರೂ ಇದೆ. ಪೆಟ್ಟಿಯ ಸ್ಟುಡಿಯೋದಲ್ಲಿ ಹಾಡುವ ಮೊದಲೇ, 1956ರಲ್ಲೇ ನ್ಯಾಶ್ವಿಲ್‌ನಲ್ಲಿ ಹಾಡಿದ ಪದ ಅದು. 'ಪೆಗ್ಗಿ ಸೂ' ಎಂಬ ಹೆಸರಾಂತ ಹಾಡು ಮೊದಲು ಹೊರಬಂದಾಗ ಆಲಿಸನ್ ಮತ್ತು ಪೆಟ್ಟಿಯ ಹೆಸರಷ್ಟೇ ಇತ್ತು, ಬಡ್ಡಿಯ ಹೆಸರು ಸೇರಿದ್ದು ಆಮೇಲೆ. 'ನಾಟ್ ಫೇಡ್ ಅವೇ' ಹಾಡಿಗೆ ಚಾರ್ಲ್ಸ್ ಹಾರ್ಡಿನ್ ಮತ್ತು ಪೆಟ್ಟಿ ಅಂತ ಹಾಕಿದ್ದಾರೆ. ಚಾರ್ಲ್ಸ್ ಹಾರ್ಡಿನ್ ಅಂದರೂ ಬಡ್ಡಿಯೇ. ಹೆಸರು ಇದ್ದವರಿಗೆ ಪ್ರತಿ ರೆಕಾರ್ಡಿಗೂ ಪಾಲು ಬರುತ್ತದೆ, ಅದಕ್ಕೇ ಈ ಜಗ್ಗಾಟ.

ನಮ್ಮ ಹಿರಿಯರು ಇದಕ್ಕೊಂದು ಉಪಾಯ ಮಾಡಿದ್ದರು ನೋಡ್ರಿ, ಅಂಕಿತ. ಪದದ ಕೊನೆಗೆ ಶಿಶುನಾಳಾಧೀಶ ಅಂತ ಬಂದರೆ ಅದು ಷರೀಫ ಸಾಹೇಬರದು, ಪುರಂದರ ವಿಠಲ ಅಂತ ಬಂದರೆ ದಾಸರದು. ತಾಳ, ಪ್ರಾಸದೊಳಗೆ ಹೆಸರು ಹೆಣೆದು ಬಿಟ್ಟಾರ, ಕೀಳಾಕ ಹೋದರೆ ಪದವೇ ಬೀಳುತ್ತದೆ. ರೆಕಾರ್ಡಿನ ಚೀಟಿಯಲ್ಲಿ ಬರೆದ ಹೆಸರು ಹಂಗಲ್ಲ. ನಮ್ಮ ಮೇಳದ ಪದಗಳನ್ನೂ ಮೂವತ್ತು ವರ್ಷದ ಹಿಂದೆ ಒಂದು ಕಂಪನಿಯವರು ತುಂಬಿಕೊಂಡು ಹೋಗಿ ಕ್ಯಾಸೆಟ್ ಮಾಡಿ ಮಾರಿದರು. ಮೇಲೆ ದೇವರ ಚಿತ್ರ ಇತ್ತು, ಹಾಡಿದ ನಾಲ್ಕು ಮಂದಿಯ ಹೆಸರು ಇರಲಿಲ್ಲ. ಜಾತ್ರೆಯಲ್ಲಿ ನಾವೇ ದುಡ್ಡು ಕೊಟ್ಟು ಕೊಂಡೆವು.

ಹಂಗಂತ ಪೆಟ್ಟಿಯನ್ನು ಬರೀ ಕೆಟ್ಟವನು ಅನ್ನಲಾರೆ. ಸ್ಟುಡಿಯೋ ಅವನದು, ದನಿ ಹಿಡಿಯುವ ಕಿವಿ ಅವನದು. ದೊಡ್ಡ ಕಂಪನಿಗಳ ತನಕ ಹಾಡು ಮುಟ್ಟಿಸಿದವನೂ ಅವನೇ. ಆದರೆ ಮ್ಯಾನೇಜರ್ ಆಗಿ ಗಳಿಕೆಯ ದುಡ್ಡೆಲ್ಲಾ ತನ್ನ ಕೈಯಲ್ಲಿ ಇಟ್ಟುಕೊಂಡಿದ್ದ. 1958ರ ಕೊನೆಗೆ ಬಡ್ಡಿ ಅವನನ್ನು ಬಿಟ್ಟ, ದುಡ್ಡು ಮಾತ್ರ ಅಲ್ಲೇ ಸಿಕ್ಕಿಕೊಂಡಿತು. ಆ ಆಗಸ್ಟಿನಲ್ಲಿ ಮರಿಯಾ ಎಲೆನಾ ಎಂಬ ಹುಡುಗಿಯನ್ನು ಮದುವೆಯಾಗಿದ್ದ. ಇಬ್ಬರೂ ನ್ಯೂಯಾರ್ಕಿನ ಒಂದು ಬಾಡಿಗೆ ಮನೆಗೆ ಹೋದರು. ಡಿಸೆಂಬರ್, ಜನವರಿ ಎರಡು ತಿಂಗಳು ಅದೇ ಮನೆಯಲ್ಲಿ ಕೂತು ಗಿಟಾರ್ ಒಂದನ್ನೇ ಹಿಡಿದು, ಟೇಪ್ ರೆಕಾರ್ಡರ್ ಮುಂದೆ ತಾನು ಕಟ್ಟಿದ ಆರು ಹೊಸ ಹಾಡು ಹಾಡಿಟ್ಟ.

ದುಡ್ಡಿನ ಅಡಚಣೆ, ಹೆಂಡತಿ ಬಸುರಿ. ಅದಕ್ಕೇ ಜನವರಿ 23ರಿಂದ ಶುರುವಾದ ಒಂದು ಸಂಚಾರಕ್ಕೆ ಒಪ್ಪಿಕೊಂಡ. ಕೊರೆಯುವ ಹಿಮದಾಗ ಬಸ್ಸಿನ ಹೀಟರ್ ಕೆಟ್ಟು, ಡ್ರಮ್ ಬಾರಿಸುವವನ ಕಾಲು ಮರಗಟ್ಟಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಫೆಬ್ರವರಿ 2ರ ರಾತ್ರಿ ಅಯೋವಾ ರಾಜ್ಯದ ಕ್ಲಿಯರ್ ಲೇಕ್‌ನಲ್ಲಿ ಹಾಡು ಮುಗಿಸಿ, ಈ ಬಸ್ಸು ಸಾಕು ಅಂತ ಸಣ್ಣ ವಿಮಾನ ಗೊತ್ತುಮಾಡಿದ. ಅವನ ಸಂಗಡ ರಿಚಿ ವ್ಯಾಲೆನ್ಸ್, ಬಿಗ್ ಬಾಪರ್ ಎಂಬ ಇಬ್ಬರು ಹಾಡುಗಾರರು, 21 ವರ್ಷದ ಒಬ್ಬ ಪೈಲಟ್. ರಿಚಿಗೆ ಬರೀ 17. ನಡುರಾತ್ರಿ ದಾಟಿ ಹಾರಿದ ವಿಮಾನ ಸ್ವಲ್ಪ ಹೊತ್ತಿಗೇ ಹಿಮ ಮುಚ್ಚಿದ ಮೆಕ್ಕೆಜೋಳದ ಹೊಲದಾಗ ಬಿತ್ತು. ನಾಲ್ವರೂ ಹೋದರು. ಹೆಂಡತಿಗೆ ಸುದ್ದಿ ತಿಳಿದದ್ದು ಟೀವಿಯಿಂದ. ಬಡ್ಡಿಯ ಕಪ್ಪು ಕಟ್ಟಿನ ಕನ್ನಡಕ ಹಿಮ ಕರಗಿದ ಮೇಲೆ ಹೊಲದಲ್ಲಿ ಸಿಕ್ಕಿತು. ಲಬ್ಬಕ್‌ನ ಸಮಾಧಿ ಕಲ್ಲಿನ ಮೇಲೆ ಹೆಸರನ್ನು ಬಿಟ್ಟುಹೋದ ಆ 'ಇ' ಸೇರಿಸಿಯೇ ಕೆತ್ತಿದ್ದಾರೆ.

ಹಾಡು ಮಾತ್ರ ನಿಲ್ಲಲಿಲ್ಲ. 1958ರ ಮಾರ್ಚಿನಲ್ಲಿ ಅವನು ಇಂಗ್ಲೆಂಡಿಗೆ ಹೋಗಿ ಹಾಡಿ ಬಂದಿದ್ದ. ಅದೇ ವರ್ಷ ಲಿವರ್‌ಪೂಲ್ ಊರಿನ ಕೆಲವು ಹುಡುಗರು ದುಡ್ಡು ಕೂಡಿಸಿ ಮೊದಲ ಸಲ ಒಂದು ರೆಕಾರ್ಡ್ ಮಾಡಿಸಿದರು, 'ದಟ್ಲ್ ಬಿ ದ ಡೇ' ಹಾಡಿ. ಇದ್ದದ್ದು ಒಂದೇ ತಟ್ಟೆ, ಸರದಿಯ ಮೇಲೆ ಮನೆ ಮನೆಗೆ ಒಯ್ದು ಕೇಳಿದರು. ಆ ಹುಡುಗರಲ್ಲಿ ಮೂವರು ಮುಂದೆ ಬೀಟಲ್ಸ್ ಆದರು. ಕ್ರಿಕೆಟ್ಸ್ ಅನ್ನುವುದನ್ನು ನೋಡಿ ತಾವೂ ಹುಳದ ಹೆಸರೇ ಇಟ್ಟುಕೊಂಡರು. 1964ರಲ್ಲಿ ರೋಲಿಂಗ್ ಸ್ಟೋನ್ಸ್ ಮೇಳದವರು 'ನಾಟ್ ಫೇಡ್ ಅವೇ' ಹಾಡಿ ಹೆಸರು ಮಾಡಿದರು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ದೊಡ್ಡ ಸಾಹುಕಾರನಾದ ಮೇಲೆ ಬಡ್ಡಿಯ ಹಾಡುಗಳ ಹಕ್ಕನ್ನೇ ಕೊಂಡುಕೊಂಡ, 1976ರಿಂದ ಲಂಡನ್ನಿನಲ್ಲಿ ಅವನ ಹೆಸರಿನ ವಾರ ಆಚರಿಸಿದ.

ಆ ಬಾಡಿಗೆ ಮನೆಯ ಆರು ಹಾಡು ಏನಾದವು? ಬಡ್ಡಿ ಸತ್ತ ಕೆಲವೇ ತಿಂಗಳಿಗೆ, 1959ರಿಂದ ಶುರುಮಾಡಿ, ನ್ಯೂಯಾರ್ಕಿನ ಕಂಪನಿಯವರು ಆ ಟೇಪಿನ ಮೇಲೆ ಡ್ರಮ್ಮು, ಗಿಟಾರು, ಹಿಮ್ಮೇಳದವರ ಕೋರಸ್ ಎಲ್ಲಾ ಕೂಡಿಸಿ ಮಾರಿದರು. ಆಮೇಲೆ ಪೆಟ್ಟಿ ಅವೇ ಟೇಪು ತರಿಸಿ, ಫೈರ್‌ಬಾಲ್ಸ್ ಎಂಬ ಬೇರೆ ಮೇಳದ ಕೈಲಿ ಕ್ಲೋವಿಸ್‌ನಲ್ಲಿ ಇನ್ನೊಂದು ಥರ ನುಡಿಸಿ ಸೇರಿಸಿದ. ಸತ್ತವನ ದನಿಗೆ ಬೇರೆಯವರ ಮೇಳ! ಹೂಂ ಅನ್ನಾಕ, ಉಹೂಂ ಅನ್ನಾಕ ಅವನೇ ಇಲ್ಲ. ಹಂಗೆ ಮಾಡಿರದಿದ್ದರೆ ಆ ಕಾಲದ ಜನ ಕೇಳುತ್ತಿರಲಿಲ್ಲ, ಟೇಪು ಪೆಟ್ಟಿಗೆಯಲ್ಲೇ ಕೊಳೆಯುತ್ತಿತ್ತು ಅನ್ನುವವರೂ ಇದ್ದಾರೆ, ಆ ಮಾತಿನಾಗ ಹುರುಳಿಲ್ಲ ಅನ್ನೋಕೆ ಆಗೋದಿಲ್ಲ. ಆದರೂ ಎರಡನ್ನೂ ಪಕ್ಕ ಪಕ್ಕ ಕೇಳಿದವನಿಗೆ ಒಂದು ಮಾತು ತಿಳಿಯುತ್ತದೆ. ಒಬ್ಬನೇ ಹಾಡುವಾಗ ಅವನು ಉಸಿರಿಗೆ ತಕ್ಕಂಗ ತಾಳವನ್ನು ಎಲ್ಲೋ ಚೂರು ಹಿಗ್ಗಿಸಿ, ಎಲ್ಲೋ ಕುಗ್ಗಿಸಿ ನಡೆಸುತ್ತಾನೆ. ಆಮೇಲೆ ಸೇರಿದ ಡ್ರಮ್ಮಿನವರು ಅವನ ಹಿಂದೆ ಹಿಂದೆ ಓಡಬೇಕಾಗುತ್ತದೆ, ಎಷ್ಟೇ ಜಾಣರಿದ್ದರೂ ಆ ಓಟ ಕಿವಿಗೆ ಬೀಳುತ್ತದೆ.

2009ರಲ್ಲಿ, ಸತ್ತು ಐವತ್ತು ವರ್ಷಕ್ಕೆ, ಏನೂ ಸೇರಿಸದ ಆ ಟೇಪುಗಳನ್ನು ಇದ್ದಂಗೇ 'ಡೌನ್ ದ ಲೈನ್' ಎಂಬ ಸಂಗ್ರಹದಲ್ಲಿ ಹೊರತಂದರು. ನಾನು ಮೊಮ್ಮಗನ ಫೋನಿನಲ್ಲಿ ಹಾಕಿಸಿಕೊಂಡದ್ದು ಅದನ್ನೇ. ಆರರಲ್ಲಿ ನನಗೆ ಮೆಚ್ಚಿಕೆಯಾದದ್ದು 'ಲರ್ನಿಂಗ್ ದ ಗೇಮ್'. ಗಿಟಾರಿನ ತಂತಿ ಒಂದು, ಅವನ ದನಿ ಒಂದು, ಅಷ್ಟೇ ಐತಿ.