ಗಡಿಯಾಚೆಯ ಹಳೆ ಬೈಕ್: ಮೀಟರ್ ಜೊತೆ ಕಾಗದವನ್ನೂ ನೋಡಿ

ಗುಮ್ಮಘಟ್ಟ: ಬಳ್ಳಾರಿ, ಚಿತ್ರದುರ್ಗ ಕಡೆಯಿಂದ ಹಳೆ ಬೈಕ್ ಕೊಳ್ಳುವವರು ಮೊದಲು ನೋಡುವುದು ಮೀಟರ್. ಆದರೆ ಆರ್‌ಸಿಯಲ್ಲಿ ಕಿಲೋಮೀಟರ್ ಲೆಕ್ಕ ಇರುವುದಿಲ್ಲ. ಹಾಗಾಗಿ ಮೀಟರ್ ಮೇಲೆ ಅನುಮಾನ ಬಂದರೆ ಸರ್ವಿಸ್ ಪುಸ್ತಕ, ಹಳೆ ಬಿಲ್‌ಗಳ ಜೊತೆ ತಾಳೆ ನೋಡಬೇಕು. ಮೀಟರ್ ಬದಲಾಯಿಸಿದ್ದರೆ ಅದನ್ನು ಮಾರಾಟ ಪತ್ರದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಆರ್‌ಸಿಯಲ್ಲಿರುವ ಚಾಸಿ, ಇಂಜಿನ್ ನಂಬರ್‌ಗಳು ಗಾಡಿಯ ಮೇಲಿನ ನಂಬರ್‌ಗೆ ಹೊಂದಬೇಕು. ತಪ್ಪಿದ್ದರೆ ಹಣ ಕೊಡುವ ಮೊದಲೇ ಮಾರುವವರು ತಮ್ಮ ಆರ್‌ಟಿಒ ಕಚೇರಿಯಲ್ಲಿ ಸರಿಪಡಿಸಿಕೊಡಲಿ.

ಬೇರೆ ರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒ ನೀಡುವ ಎನ್‌ಒಸಿ (ನಮೂನೆ 28) ಬೇಕು. 29, 30ನೇ ನಮೂನೆಗಳಿಗೆ ಮಾರುವವರ ಸಹಿ ಬೇಕು. ಕೊಂಡವರು 30 ದಿನದೊಳಗೆ ತಮ್ಮ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತ ಪರಿಹಾರದ ಹೊಣೆ ಹಳೆ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ.